ಅಂಟಂಟಾದ ಹಳೇ ಟೆಂಟಿಗೆ ಸಿಲಿಕೋನ್ ಲೇಪನ: ನನ್ನ ಅನುಭವ

ಎರಡು ಮಳೆಗಾಲ ಕಳೆದವು, ಟೆಂಟ್ ಸೋರಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಶುರು ಮಾಡಿದಾಗ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಲೇಪನ ಹೋಯ್ತು ಅಂದ್ರೆ ಟೆಂಟ್ ಕಥೆ ಮುಗೀತು, ಎಸೆದು ಹೊಸದು ತಗೋ" ಅಂದವರೇ ಎಲ್ಲ. ರಿಪೇರಿಯವರು ಬಿಡಿಸಿ ನೋಡಿ ಹಾಗೇ ಮಡಚಿ ವಾಪಸ್ ಕೊಟ್ಟರು. ಈಗ ಅದೇ ಗೆಳೆಯರಲ್ಲಿ ಇಬ್ಬರು ತಮ್ಮ ಟೆಂಟ್ ತಂದು ನನ್ನ ಮನೆಯಲ್ಲಿ ಇಟ್ಟು ಹೋಗಿದ್ದಾರೆ.

ರೋಗ ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ. ಮಳೆ ಹೊದಿಕೆಯ ಒಳಮೈ ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಬಿಳಿ ಹೊಟ್ಟು ಉದುರುತ್ತದೆ, ವಾಂತಿಯಂಥ ವಾಸನೆ. ಅದು ಪಿಯು ಲೇಪನ, ಅಂದರೆ ನೀರು ತಡೆಯಲು ಬಟ್ಟೆಗೆ ಬಳಿದ ಪಾಲಿಯುರೆಥೇನ್ ಪದರ, ಸತ್ತ ಲಕ್ಷಣ. ತೇವ ಮತ್ತು ಸೆಕೆ ಸೇರಿ ಅದನ್ನು ನಿಧಾನವಾಗಿ ಒಡೆಯುತ್ತವೆ. ಒದ್ದೆ ಟೆಂಟನ್ನು ಚೀಲದಲ್ಲಿ ತುರುಕಿ ಇಟ್ಟರೆ ಇನ್ನೂ ಬೇಗ. ಆದರೆ ಎಷ್ಟೋ ಸಲ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ. ಬಿಸಿಲು ಬಿದ್ದ ಕಡೆ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಹರಿದರೆ ಅಲ್ಲಿಗೇ ಬಿಟ್ಟುಬಿಡಿ, ಯಾವ ಲೇಪನವೂ ಅದನ್ನು ಉಳಿಸುವುದಿಲ್ಲ. ಹರಿಯದಿದ್ದರೆ ಮುಂದೆ ಓದಿ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ನೀರು ಜಾರಿಸುವ ಸ್ಪ್ರೇ ಮೂರೋ ನಾಲ್ಕೋ ಬಾಟಲಿ ಖಾಲಿ ಆಯಿತು. ನೀರು ಮುತ್ತಿನಂತೆ ಉರುಳುವುದು ನೋಡಲು ಚೆನ್ನ. ಆದರೆ ಸ್ಪ್ರೇ ಮಾಡುವುದು ಹೊರಮೈಯಲ್ಲಿ ನೀರು ನಿಲ್ಲದ ಹಾಗೆ, ಅಷ್ಟೇ. ಒಳಗೆ ಲೇಪನವೇ ಇಲ್ಲದಿದ್ದರೆ ಜೋರು ಮಳೆಯ ಹನಿ ನೂಲಿನ ಸಂದಿಯಲ್ಲಿ ನುಗ್ಗಿಯೇ ನುಗ್ಗುತ್ತದೆ. ಆಮೇಲೆ ಬ್ರಷ್‌ನಲ್ಲಿ ಹಚ್ಚುವ ಪಿಯು ದ್ರವ. ಅದನ್ನು ಹಳೇ ಲೇಪನದ ಮೇಲೆ ಹಚ್ಚಿದರೆ ಒಂದು ಋತು ತಡೆಯುತ್ತದೆ. ಕೆಳಗಿನ ಹಳೇ ಪದರ ಕಿತ್ತು ಬಂದಾಗ ಹೊಸದನ್ನೂ ಎಳೆದುಕೊಂಡೇ ಬರುತ್ತದೆ. ಹಳೆಯದರ ಮೇಲೆ ನೇರವಾಗಿ ಸಿಲಿಕೋನ್ ಹಚ್ಚಿದ್ದೂ ಆಯಿತು. ಪಿಯು ಮೇಲೆ ಸಿಲಿಕೋನ್ ಸರಿಯಾಗಿ ಹಿಡಿಯುವುದೇ ಇಲ್ಲ, ಉಗುರಿನಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಇವೆಲ್ಲ ಸೇರಿ ಹೊಸ ಟೆಂಟಿನ ಬೆಲೆಯ ಕಾಲು ಭಾಗ ಹೋಯಿತು. ಕೊನೆಗೆ ಕೆಲಸ ಮಾಡಿದ ವಿಧಾನಕ್ಕೆ ಖರ್ಚಾಗಿದ್ದು ಆ ಬೆಲೆಯ ಸುಮಾರು ಹದಿನೈದರಲ್ಲಿ ಒಂದು ಪಾಲು.

ಇದರಿಂದ ನನಗೆ ಖಚಿತವಾಗಿದ್ದು ಒಂದೇ. ಹೊಸದನ್ನು ಹಚ್ಚುವುದು ಸುಲಭದ ಭಾಗ. ಹಳೆಯದನ್ನು ಪೂರ್ತಿ ಕೀಳುವುದೇ ನಿಜವಾದ ಕೆಲಸ. ಜನ ಸೋಲುವುದು ಅಲ್ಲೇ. ಮುಕ್ಕಾಲು ಭಾಗ ಕಿತ್ತು, ಸಾಕು ಅಂದುಕೊಳ್ಳುತ್ತಾರೆ.

ಕೀಳುವುದಕ್ಕೆ ಎರಡು ದಾರಿ ನೋಡಿದೆ. ಮೊದಲನೆಯದು ಬಿಸಿ ನೀರು, ಬಟ್ಟೆ ಸೋಡಾ, ರಾತ್ರಿಯಿಡೀ ನೆನೆಸುವುದು, ಬೆಳಗ್ಗೆ ಬ್ರಷ್ ಹಾಕಿ ಉಜ್ಜುವುದು. ಪೂರ್ತಿ ಸತ್ತ ಲೇಪನ ಇದರಲ್ಲೇ ಬರುತ್ತದೆ. ಅರ್ಧಂಬರ್ಧ ಹಿಡಿದುಕೊಂಡಿದ್ದು ಬರುವುದಿಲ್ಲ. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಇಡೀ ಹೊದಿಕೆ ಮುಳುಗಿಸುವಷ್ಟು ತಂದರೆ ದುಡ್ಡು ಸಿಕ್ಕಾಪಟ್ಟೆ ಆಗುತ್ತದೆ. ಬಟ್ಟೆಯನ್ನು ಪ್ಯಾನೆಲ್ ಪ್ಯಾನೆಲ್ ಆಗಿ ಹಾಸಿ, ಒದ್ದೆ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದರ್ಧ ಗಂಟೆ ಬಿಟ್ಟೆ. ಆವಿ ಆಗುವುದು ನಿಂತರೆ ಸ್ವಲ್ಪವೇ ಸಾಕಾಗುತ್ತದೆ. ಒಂದೂವರೆ ಲೀಟರ್‌ನಲ್ಲಿ ಎಲ್ಲ ಮುಗಿಯಿತು ಅಂತ ನೆನಪು. ಕೆಲಸ ಬಯಲಲ್ಲೇ ಆಗಬೇಕು. ಹತ್ತಿರ ಬೆಂಕಿ ಇರಬಾರದು, ಆಲ್ಕೋಹಾಲನ್ನು ಯಾವ ಕಾರಣಕ್ಕೂ ಬಿಸಿ ಮಾಡಬೇಡಿ. ಅಮೋನಿಯಾ ಬಳಸುವವರೂ ಇದ್ದಾರೆ. ಅದರ ಹತ್ತಿರ ಬ್ಲೀಚ್ ಮಾತ್ರ ತರಬೇಡಿ, ಎರಡೂ ಸೇರಿದರೆ ವಿಷದ ಗಾಳಿ.

ಹೊಲಿಗೆ ಮೇಲಿನ ಕಾರ್ಖಾನೆ ಟೇಪ್ ಈ ಹೊತ್ತಿಗೆ ಬಹುಪಾಲು ಕಿತ್ತು ಬಂದಿರುತ್ತದೆ. ಬರಲಿ. ಎಲ್ಲೋ ಅರ್ಧ ಅಂಟಿಕೊಂಡಿದ್ದರೆ ಅದನ್ನೂ ಎಳೆದು ಹಾಕಿ. ಬಟ್ಟೆ ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಎಲ್ಲ ಕಡೆ ಒಂದೇ ಥರ ಕಾಣಬೇಕು. ಮಸುಕಾದ ತೇಪೆ ಕಂಡರೆ ಅಲ್ಲಿ ಇನ್ನೂ ಪಿಯು ಇದೆ, ಮತ್ತೆ ಉಜ್ಜಿ.

ಲೇಪನಕ್ಕೆ ಗಾಜು ಕೂರಿಸುವವರು ಬಳಸುವ ಪಾರದರ್ಶಕ ಸಿಲಿಕೋನ್ ಸೀಲೆಂಟ್ ಸಾಕು. ಟ್ಯೂಬಿನ ಮೇಲೆ 100% ಸಿಲಿಕೋನ್ ಅಂತ ಇರಲಿ. "ಮೇಲೆ ಪೇಂಟ್ ಹೊಡೆಯಬಹುದು" ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಅಕ್ರಿಲಿಕ್, ಮುಟ್ಟಬೇಡಿ. ತಾರೀಖು ಮುಗಿದ ಟ್ಯೂಬ್ ಕಡಿಮೆಗೆ ಸಿಕ್ಕಿತು ಅಂತ ತರಬೇಡಿ, ಅದು ಎಷ್ಟು ದಿನ ಆದರೂ ಗಟ್ಟಿಯಾಗದೆ ಸತಾಯಿಸುತ್ತದೆ. ತೆಳು ಮಾಡುವುದು ಮಿನರಲ್ ಟರ್ಪೆಂಟೈನ್‌ನಲ್ಲಿ. ಅಸಿಟೋನ್‌ನಲ್ಲಿ ಗಂಟು ಗಂಟಾಗುತ್ತದೆ, ನೀರಿನಲ್ಲಂತೂ ಬೆರೆಯುವುದೇ ಇಲ್ಲ.

ಒಂದು ಪಾಲು ಸಿಲಿಕೋನ್, ಆರೇಳು ಪಾಲು ಟರ್ಪೆಂಟೈನ್. ಮೊದಲು ಸಿಲಿಕೋನ್‌ಗೆ ಒಂದೇ ಒಂದು ಚೂರು ಟರ್ಪೆಂಟೈನ್ ಹಾಕಿ ಚೆನ್ನಾಗಿ ಮಿದ್ದಿ, ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಗಂಟು ಒಡೆಯಲು ಗಂಟೆಗಟ್ಟಲೆ ಒದ್ದಾಟ. ಹಾಲಿನಷ್ಟು ತೆಳುವಾದರೆ ಸರಿ. ಇಬ್ಬರು ಮಲಗುವ ಟೆಂಟಿನ ಹೊದಿಕೆಗೆ ಎರಡು ಕೋಟ್ ಹೊಡೆದರೂ 280 ಮಿಲಿಯ ಒಂದು ಟ್ಯೂಬ್ ಪೂರ್ತಿ ಖರ್ಚಾಗಲಿಲ್ಲ. ತೂಕ ಹೆಚ್ಚಿದ್ದು 50-60 ಗ್ರಾಂ ಇರಬಹುದು. ಹಳೇ ಪಿಯು ಹೋಗಿದ್ದರಿಂದ ಹೆಚ್ಚುಕಡಿಮೆ ಸರಿದೂಗಿತು.

ಟೆಂಟನ್ನು ಬಿಗಿಯಾಗಿ ಕಟ್ಟಿ, ಹೊರಮೈಗೆ ಅಗಲ ಬ್ರಷ್‌ನಲ್ಲಿ ಹಚ್ಚಿದೆ. ಬೆನ್ನ ಹಿಂದೆಯೇ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸುತ್ತಾ ಬಂದೆ. ಈ ಒರೆಸುವುದನ್ನು ಬಿಡಬೇಡಿ. ಹೆಚ್ಚಿಗೆ ಉಳಿದಿದ್ದು ಒಣಗಿದ ಮೇಲೆ ಹೊಳೆಯುವ ಗೆರೆಯಾಗುತ್ತದೆ, ಧೂಳು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಬಯಲಲ್ಲಿ ಹರಡಿ ಒಣಗಿಸಿ. ಜಿಪ್‌ಗೆ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದಕ್ಕೇ ತೀರಾ ಒಣ ಹವೆಯ ದಿನ ತಡವಾಗುತ್ತದೆ. ಹೊಲಿಗೆಗಳಿಗೆ ಬೇರೆ ಮಿಶ್ರಣ, ಒಂದಕ್ಕೆ ಒಂದೂವರೆ. ಸಣ್ಣ ಗಡಸು ಬ್ರಷ್‌ನಲ್ಲಿ ದಾರದ ತೂತಿನೊಳಗೆ ಇಳಿಯುವ ಹಾಗೆ ಒತ್ತಿ ತುಂಬಬೇಕು. ಕೊನೆಯ ಕೋಟ್‌ನಲ್ಲಿ ನಾನು ಇನ್ನೊಂದು ಸಣ್ಣ ಬದಲಾವಣೆ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ, ಅದಿಲ್ಲದೆಯೂ ಟೆಂಟ್ ಸೋರುವುದಿಲ್ಲ.

ನಂಬದವರಿಗೆ ತೋರಿಸಲು ಒಂದು ಪರೀಕ್ಷೆ ಮಾಡಿದೆ. ಪಿವಿಸಿ ಪೈಪಿನ ಬಾಯಿಗೆ ಬಟ್ಟೆ ಬಿಗಿದು, ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ನೀರು ತುಂಬುವುದು. ಟೆಂಟಿನ ಚೀಟಿಯಲ್ಲಿ 1500 ಎಂಎಂ ಅಂತ ಇರುತ್ತದಲ್ವಾ, ಅದು ಇದೇ ಲೆಕ್ಕ. ನೀರಿನ ಕಂಬದ ಎತ್ತರ. ಪೈಪ್ ದಪ್ಪ ಇದ್ದರೂ ಸಣ್ಣ ಇದ್ದರೂ ವ್ಯತ್ಯಾಸವಿಲ್ಲ. ಲೇಪನ ಸತ್ತ ಬಟ್ಟೆ ಒಂದು ಗೇಣು ನೀರಿಗೇ ಜಿನುಗಿತು. ಒಂದು ಕೋಟ್ ಆದ ಮೇಲೆ ಸೊಂಟದೆತ್ತರ ತಡೆಯಿತು. ಎರಡು ಕೋಟ್‌ಗೆ 1300-1400 ಎಂಎಂ ಹತ್ತಿರ ಬಂತು. ಮಳೆಗೆ ಅಷ್ಟು ಸಾಕು.

ನೆಲಕ್ಕೆ ಮಾತ್ರ ಸಾಲದು. ಮಂಡಿ ಊರಿದಾಗ ಬೀಳುವ ಒತ್ತಡವೇ ಬೇರೆ. ಅಲ್ಲಿಗೆ ಒಂದಕ್ಕೆ ಮೂರರ ಮಂದ ಮಿಶ್ರಣ ಹಚ್ಚಿ, ಅಡಿಗೆ ಬೇರೆ ಹಾಳೆ ಹಾಸುತ್ತೇನೆ. ಸಿಲಿಕೋನ್ ನೆಲ ಭಾರಿ ಜಾರುತ್ತದೆ, ಇಳಿಜಾರಿನಲ್ಲಿ ಚಾಪೆ ಸಮೇತ ಬಾಗಿಲಿಗೆ ಬಂದಿರುತ್ತೀರಿ. ಒಳಗಡೆ ಅಲ್ಲಲ್ಲಿ ತೆಳು ಮಾಡದ ಸಿಲಿಕೋನ್ ಚುಕ್ಕಿ ಇಟ್ಟರೆ ಚಾಪೆ ನಿಲ್ಲುತ್ತದೆ.

ಇದೇ ಮಿಶ್ರಣವನ್ನು ಹಳೇ ಮಳೆ ಜಾಕೆಟ್‌ಗೂ ಹಚ್ಚಿ ನೋಡಿದೆ. ನೀರು ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. ಗಾಳಿಯಾಡುವ ಬಟ್ಟೆಗೆ ಇದು ಬೇಡ. ದಪ್ಪ ಹತ್ತಿ ಕ್ಯಾನ್ವಾಸ್ ಚೀಲಕ್ಕೆ ಮೇಣವೇ ಒಳ್ಳೆಯದು. ಬರೀ ಮೇಣದಬತ್ತಿ ಉಜ್ಜಿದರೆ ಚಳಿಯಲ್ಲಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಅರ್ಧ ಜೇನುಮೇಣ ಬೆರೆಸಿ, ಹಚ್ಚಿದ ಮೇಲೆ ಹೇರ್ ಡ್ರೈಯರ್‌ನಲ್ಲಿ ಕರಗಿಸಿ ಇಳಿಸಿದ ಚೀಲ ಈಗಲೂ ಬಳಕೆಯಲ್ಲಿದೆ.

ಲೇಪನ ಹಾಕಿದ ಮೇಲೂ "ಸೋರುತ್ತಿದೆ" ಅಂತ ಒಬ್ಬರು ವಾದ ಮಾಡಿದರು. ಅದು ಮಲಗಿದವರ ಉಸಿರಿನ ತೇವ, ತಣ್ಣನೆ ಬಟ್ಟೆಗೆ ತಾಗಿ ಹನಿಯಾಗಿದ್ದು. ಅನುಮಾನವಿದ್ದರೆ ಒಳಗೆ ಯಾರೂ ಮಲಗದೆ ಟೆಂಟನ್ನು ಒಂದು ರಾತ್ರಿ ಮಳೆಯಲ್ಲಿ ಬಿಡಿ. ಬೆಳಗ್ಗೆ ಒಳಗೆ ಒಣಗಿದ್ದರೆ ಲೇಪನದ ತಪ್ಪಲ್ಲ. ಗಾಳಿಕಿಂಡಿ ತೆಗೆದಿಟ್ಟು ಮಲಗಿ.

ಇನ್ನು ಮುಂದೆ ಈ ಬಟ್ಟೆಗೆ ಪಿಯು ಅಂಟು, ಟೇಪ್ ಯಾವುದೂ ಹಿಡಿಯುವುದಿಲ್ಲ. ಹರಿದರೆ ತೇಪೆಗೂ ಸಿಲಿಕೋನೇ ಬೇಕು, ಹಾಗಾಗಿ ಒಂದು ಸಣ್ಣ ಟ್ಯೂಬ್ ಜೊತೆಯಲ್ಲಿರಲಿ. ಬೆಂಕಿ ತಡೆಯುವ ಗುಣವನ್ನೂ ನಂಬಬೇಡಿ, ಒಳಗೆ ಸ್ಟವ್ ಹಚ್ಚಬೇಡಿ. ಹಚ್ಚಿ ಎರಡು ದಿನ ಒಣಗಿದ ಮೇಲೂ ಸ್ವಲ್ಪ ಅಂಟು ಅನ್ನಿಸಿದರೆ ಟಾಲ್ಕಂ ಪೌಡರ್ ಉದುರಿಸಿ ಒರೆಸಿ, ಆಮೇಲೆ ಮಡಚಿ.