ಹಳೆಯ ಲ್ಯಾಪ್‌ಟಾಪ್‌ಗೆ ಎರಡನೇ ಡ್ರೈವ್, ಇನ್ನಷ್ಟು ರ್‍ಯಾಮ್: ನಾನೇ ಹಾಕಿಕೊಂಡ ಬಗೆ

ಲ್ಯಾಪ್‌ಟಾಪ್ ತೀರಾ ನಿಧಾನವಾದಾಗ ಹೊಸದನ್ನೇ ಕೊಳ್ಳಿ ಎಂದು ಹೇಳಿದವರೇ ಹೆಚ್ಚು. ನನಗೆ ಮನಸ್ಸಾಗಲಿಲ್ಲ. ಪರದೆ, ಕೀಬೋರ್ಡ್ ಎಲ್ಲ ಚೆನ್ನಾಗಿಯೇ ಇದ್ದವು. ಫೋಟೊ ತಿದ್ದುವ ತಂತ್ರಾಂಶವನ್ನೂ ಬ್ರೌಸರನ್ನೂ ಒಟ್ಟಿಗೆ ತೆರೆದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಏನಾಗುತ್ತಿದೆ ಎಂದು ನೋಡಿದೆ. 8 ಜಿಬಿ ಮೆಮೊರಿ (ರ್‍ಯಾಮ್) ಭರ್ತಿಯಾಗಿತ್ತು, ಡಿಸ್ಕ್ ಬಳಕೆ ಶೇ 100ಕ್ಕೆ ಅಂಟಿಕೊಂಡಿತ್ತು. ಪ್ರೊಸೆಸರ್ ಮಾತ್ರ ಬಹುಪಾಲು ಖಾಲಿ ಕೂತಿತ್ತು. ಮೆಮೊರಿಯಲ್ಲಿ ಜಾಗ ಸಾಲದೆ ವಿಂಡೋಸ್ ತನ್ನ ಹೊರೆಯನ್ನು ಡಿಸ್ಕಿಗೆ ಸಾಗಿಸುತ್ತಿತ್ತು. ಆ ಡಿಸ್ಕೋ ನಿಮಿಷಕ್ಕೆ 5,400 ಸುತ್ತಿನ ನಿಧಾನದ ಹಾರ್ಡ್ ಡಿಸ್ಕ್. ಕೊರತೆ ಇದ್ದದ್ದು ಈ ಎರಡು ಕಡೆ ಮಾತ್ರ, ಎರಡನ್ನೂ ಸರಿಪಡಿಸಬಹುದಿತ್ತು.

ಈ ಕೆಲಸದಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಹೊತ್ತು ಸ್ವಲ್ಪ. ನಮ್ಮ ಯಂತ್ರ ಏನನ್ನು ಒಪ್ಪುತ್ತದೆ ಎಂದು ಕೊಳ್ಳುವ ಮೊದಲೇ ತಿಳಿಯುವುದಕ್ಕೆ ಹೆಚ್ಚು ಹೊತ್ತು ಬೇಕು, ಬೇಕಾಗಲೇಬೇಕು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟವೇ ಎರಡು ಸ್ಲಾಟ್‌ಗಳಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಎಂದು ತೋರಿಸಿತು. ಲಿನಕ್ಸ್‌ನಲ್ಲಾದರೆ ಡಿಎಂಐಡಿಕೋಡ್ ಎಂಬ ಆಜ್ಞೆ ಇದನ್ನೇ ಹೇಳುತ್ತದೆ. ಆದರೆ ನಾನು ಪೂರ್ತಿ ನಂಬಿದ್ದು ತಯಾರಕರ ಸರ್ವಿಸ್ ಮ್ಯಾನ್ಯುಯಲನ್ನು. ಗರಿಷ್ಠ ಎಷ್ಟು ಮೆಮೊರಿ ಹಾಕಬಹುದು, ತೆಳು ಪಟ್ಟಿಯಂಥ ಡ್ರೈವ್ ಕೂರಿಸುವ ಎಂ.2 ಸ್ಲಾಟ್ ಖಾಲಿ ಇದೆಯೇ, ಅದರಲ್ಲಿ ಎಷ್ಟು ಉದ್ದದ ಡ್ರೈವ್ ಕೂರುತ್ತದೆ, ಯಾವ ತಿರುಪು ಎಲ್ಲಿದೆ, ಎಲ್ಲವೂ ಅದರಲ್ಲಿ ಚಿತ್ರಸಮೇತ ಇತ್ತು. ತೀರಾ ತೆಳ್ಳಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಂಥದ್ದಾದರೆ ರ್‍ಯಾಮ್ ಆಸೆ ಬಿಟ್ಟು ಡ್ರೈವ್ ಕಡೆಗಷ್ಟೇ ಗಮನ ಕೊಡಬೇಕು.

ರ್‍ಯಾಮ್ ಆರಿಸುವಾಗ ಮೊದಲು ತಲೆಮಾರು ನೋಡಬೇಕು. ಲ್ಯಾಪ್‌ಟಾಪ್‌ನ ಡಿಡಿಆರ್3 ಮಾಡ್ಯೂಲ್‌ಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನಲ್ಲಿರುವ ಸೀಳು ಒಂದೊಂದರಲ್ಲಿ ಒಂದೊಂದು ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ನನ್ನದು ಡಿಡಿಆರ್4, 2,400 ವೇಗದ್ದು. 3,200ರ ಮಾಡ್ಯೂಲ್ ಜತೆಗೆ ಹಾಕಿದರೂ ನಡೆಯುತ್ತದೆ, ಆದರೆ ಎರಡೂ ನಿಧಾನದ ವೇಗದಲ್ಲೇ ಓಡುತ್ತವೆ. ಇದ್ದ 8 ಜಿಬಿಗೆ ಇನ್ನೊಂದು 8 ಜಿಬಿಯನ್ನೇ ಸೇರಿಸಿದೆ. ಸಮ ಗಾತ್ರದ ಜೋಡಿ ಇದ್ದರೆ ಪ್ರೊಸೆಸರ್ ಎರಡೂ ಚಾನೆಲ್‌ಗಳಲ್ಲಿ ಒಟ್ಟಿಗೆ ಓದಿ ಬರೆಯುತ್ತದೆ. ನನ್ನದರ ಹಾಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಇದರ ಲಾಭ ಹೆಚ್ಚು, ಏಕೆಂದರೆ ಪರದೆಯ ಕೆಲಸಕ್ಕೂ ಅದು ಇದೇ ಮೆಮೊರಿಯನ್ನು ಬಳಸುತ್ತದೆ.

ಡ್ರೈವ್ ವಿಚಾರದಲ್ಲಿ ಎಂ.2 ಎಂಬುದು ಬರೀ ಆಕಾರದ ಹೆಸರು ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. ಅದೇ ಆಕಾರದಲ್ಲಿ ಹಳೆಯ, ನಿಧಾನದ ಬಗೆಯ ಸಾಟಾ ಡ್ರೈವೂ ಬರುತ್ತದೆ, ಹೊಸ, ವೇಗದ ಬಗೆಯ ಎನ್‌ವಿಎಂಇ ಡ್ರೈವೂ ಬರುತ್ತದೆ; ಕೆಲವು ಸ್ಲಾಟ್‌ಗಳು ಒಂದನ್ನಷ್ಟೇ ಗುರುತಿಸುತ್ತವೆ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242, 2230 ಅಳತೆಯವೂ ಇವೆ. ನಾನು 500 ಜಿಬಿಯ 2280 ಎನ್‌ವಿಎಂಇ ಆರಿಸಿದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡ್ರೈವ್) 550ರವರೆಗೆ, ಪಿಸಿಐಇ 3.0 ಸಂಪರ್ಕದ ಎನ್‌ವಿಎಂಇ 3,500ರ ಹತ್ತಿರ ಹೋಗುತ್ತದೆ. ಅಂಕಿಗಳು ಹೀಗಿದ್ದರೂ ದಿನಬಳಕೆಯಲ್ಲಿ ದೊಡ್ಡ ಜಿಗಿತ ಕಾಣುವುದು ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ. ನಿಮ್ಮ ಸ್ಲಾಟ್ ಸಾಟಾ ಮಾತ್ರ ಒಪ್ಪಿದರೆ ಬೇಸರಪಡಬೇಕಾದ್ದಿಲ್ಲ.

ಬಿಚ್ಚುವ ಮುಂಚೆ ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟೆ. ಆಮೇಲೆ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿದೆ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಸಾಮಾನ್ಯ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ತಿರುಪುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಕೀಬೋರ್ಡ್ ಬದಿ ಉಬ್ಬುತ್ತದೆ. ಅದಕ್ಕೇ ಕಾಗದದ ಮೇಲೆ ತಳದ ನಕ್ಷೆ ಬರೆದು, ಬಿಚ್ಚಿದ ತಿರುಪನ್ನು ಅದರ ಜಾಗದಲ್ಲೇ ಅಂಟಿಸುತ್ತ ಹೋದೆ. ಮುಚ್ಚಳವನ್ನು ಮೀಟಲು ಲೋಹ ಬೇಡ, ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು. ತೆರೆದ ಕೂಡಲೇ ಮೊದಲು ಕಳಚಬೇಕಾದ್ದು ಬ್ಯಾಟರಿಯ ಕನೆಕ್ಟರ್. ಬಳಿಕ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲೆಂದು ಬಣ್ಣ ಬಳಿಯದ ದೊಡ್ಡ ಲೋಹದ ವಸ್ತುವೊಂದನ್ನು ಮುಟ್ಟಿ ಕೆಲಸಕ್ಕೆ ಕೂತೆ.

ರ್‍ಯಾಮನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಪಟ್ಟಿ ಬಹುತೇಕ ಮರೆಯಾಗುವವರೆಗೆ ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ಕೆಂದು ಹಿಡಿಯುತ್ತವೆ. ಎನ್‌ವಿಎಂಇ ಕೂಡ ಓರೆಯಾಗಿಯೇ ಹೋಗುತ್ತದೆ, ಕೈ ಬಿಟ್ಟರೆ ತುದಿ ಮೇಲೇಳುತ್ತದೆ. ಅದನ್ನು ಒತ್ತಿಹಿಡಿದು ಪುಟ್ಟ ತಿರುಪೊಂದನ್ನು ಹಾಕಬೇಕು. ಖಾಲಿ ಸ್ಲಾಟಿನಲ್ಲಿ ಆ ತಿರುಪು ಎಷ್ಟೋ ಸಲ ಇರುವುದೇ ಇಲ್ಲ, ಡ್ರೈವ್ ಜತೆಗೂ ಬರದೆ ಇರಬಹುದು. ಮೊದಲೇ ತಂದಿಟ್ಟುಕೊಳ್ಳಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ. ಹೊಸ ಮೆಮೊರಿಯ ಜತೆ ಹೊಂದಿಕೊಳ್ಳಲು ಯಂತ್ರಕ್ಕೆ ಆ ಹೊತ್ತು ಬೇಕು. ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪರದೆ ಬಯೋಸ್‌ನಲ್ಲಿ 16 ಜಿಬಿಯೂ ಹೊಸ ಡ್ರೈವೂ ಕಂಡವು. ಆದರೂ ಮುಂದುವರಿಯದೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಟ್ಟೆ. ಕೆಟ್ಟ ಮೆಮೊರಿ ಯಾವ ಸೂಚನೆಯೂ ಕೊಡದೆ ಫೈಲ್‌ಗಳನ್ನು ಹಾಳುಮಾಡಬಲ್ಲದು, ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಕ್ಲೋನಜಿಲ್ಲಾದಂಥ ತಂತ್ರಾಂಶದಿಂದ ಹಳೆಯ ವಿಂಡೋಸನ್ನು ಇದ್ದ ಹಾಗೇ ಸಾಗಿಸಬಹುದಿತ್ತು, ಆದರೆ ಅದು ಸಲೀಸಾಗಿ ನಡೆಯುವುದು ಹೊಸ ಡ್ರೈವ್ ಹಳೆಯದರಷ್ಟಾದರೂ ದೊಡ್ಡದಿದ್ದಾಗ. ನನ್ನ ಹಾರ್ಡ್ ಡಿಸ್ಕ್ 1 ಟಿಬಿ. ಹಾಗಾಗಿ ಹೊಸದಾಗಿಯೇ ಇನ್‌ಸ್ಟಾಲ್ ಮಾಡಿದೆ, ಆ ಹೊತ್ತಿನಲ್ಲಿ ಹಾರ್ಡ್ ಡಿಸ್ಕಿನ ಕೇಬಲ್ ಕಳಚಿಟ್ಟಿದ್ದೆ. ಎರಡೂ ಡ್ರೈವ್ ಇದ್ದಾಗ ವಿಂಡೋಸ್ ಯಂತ್ರ ಶುರುವಾಗಲು ಬೇಕಾದ ಬೂಟ್ ಫೈಲ್‌ಗಳನ್ನು ಹಳೆಯ ಡಿಸ್ಕಿನಲ್ಲಿ ಅದಕ್ಕೆಂದೇ ಇರುವ ಇಎಫ್‌ಐ ಪಾರ್ಟಿಷನ್‌ನಲ್ಲೇ ಇಟ್ಟುಬಿಡಬಹುದು. ಹಾಗಾದರೆ ಮುಂದೆಂದೋ ಆ ಡಿಸ್ಕ್ ಕೆಟ್ಟಾಗ, ಎಸ್‌ಎಸ್‌ಡಿ ಸರಿಯಿದ್ದರೂ ಯಂತ್ರ ಬೂಟ್ ಆಗುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಕೇಬಲ್ ಜೋಡಿಸಿ, ಬಯೋಸ್‌ನಲ್ಲಿ ಎಸ್‌ಎಸ್‌ಡಿಯನ್ನು ಮೊದಲಿಗೆ ಇಟ್ಟೆ. ಫೈಲ್‌ಗಳೆಲ್ಲ ಕೈಗೆ ಸಿಕ್ಕಿದ್ದು ಖಚಿತವಾದ ಬಳಿಕ ಹಳೆಯ ಸಿಸ್ಟಂ ಪಾರ್ಟಿಷನ್‌ಗಳನ್ನು ಅಳಿಸಿದೆ. ಪಿಕ್ಚರ್ಸ್, ವಿಡಿಯೋಸ್ ಫೋಲ್ಡರ್‌ಗಳ ಲೊಕೇಶನನ್ನು ಹಾರ್ಡ್ ಡಿಸ್ಕಿಗೆ ಬದಲಿಸಿದೆ. ತಿದ್ದುತ್ತಿರುವ ಫೋಟೊಗಳು ಮಾತ್ರ ಎಸ್‌ಎಸ್‌ಡಿಯಲ್ಲೇ ಇರುತ್ತವೆ, ಕೆಲಸ ಮುಗಿದ ಮೇಲೆ ಅತ್ತ ಹೋಗುತ್ತವೆ. ಎರಡು ಡ್ರೈವ್ ಇಟ್ಟುಕೊಳ್ಳುವುದರ ನಿಜವಾದ ಸುಖ ಈ ಹಂಚಿಕೆಯಲ್ಲಿದೆ ಎಂಬುದು ನನ್ನ ಅನಿಸಿಕೆ. ಆದರೆ ಇದನ್ನು ಬ್ಯಾಕಪ್ ಎಂದು ತಿಳಿಯಬೇಡಿ, ಲ್ಯಾಪ್‌ಟಾಪ್ ಕೆಳಗೆ ಬಿದ್ದರೆ ಎರಡೂ ಒಟ್ಟಿಗೇ ಬೀಳುತ್ತವೆ. ಹೊರಗಿನ ಡಿಸ್ಕಿಗೆ ನಕಲು ಮಾಡುವುದನ್ನು ನಾನು ನಿಲ್ಲಿಸಿಲ್ಲ.

ಎಂ.2 ಸ್ಲಾಟೇ ಇಲ್ಲದ, ಡಿವಿಡಿ ಡ್ರೈವ್ ಇರುವ ಹಳೆಯ ಯಂತ್ರವಾದರೆ ಆ ಡಿವಿಡಿ ಡ್ರೈವ್ ತೆಗೆದು, ಆ ಜಾಗದಲ್ಲಿ ಡಿಸ್ಕ್ ಕೂರಿಸುವ ಚೌಕಟ್ಟಾದ ಕ್ಯಾಡಿ ಹಾಕುವ ದಾರಿ ಇದೆ. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ದಪ್ಪಗಳಲ್ಲಿ ಬರುತ್ತದೆ, ಅಳೆದೇ ಕೊಳ್ಳಬೇಕು. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕಿನ ಮೂಲ ಜಾಗದಲ್ಲಿ ಹಾಕಿ, ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಸಾಗಿಸಿ. ಏಕೆಂದರೆ ಕೆಲವು ಯಂತ್ರಗಳಲ್ಲಿ ಡಿವಿಡಿ ಡ್ರೈವಿನ ಸಾಟಾ ಕನೆಕ್ಟರ್ ಕಡಿಮೆ ವೇಗದ್ದಾಗಿರುತ್ತದೆ.