ಗರ್ಭಿಣಿಯ ಮುಟ್ಟು, ಹಿಂದಿನ ಬಸಿರು, ಚಿಕಿತ್ಸೆ: ಕೇಳಿ ಬರೆದುಕೊಳ್ಳುವ ಕ್ರಮ

ಮೊದಲ ತಪಾಸಣೆಗೆ ಬಂದ ಗರ್ಭಿಣಿಯ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್‌ಗಳನ್ನು ಉಪಕರಣಗಳು ಹೇಳುತ್ತವೆ. ಆಕೆಯ ಮುಟ್ಟಿನ ಕ್ರಮ, ಉಳಿಯದ ಬಸಿರುಗಳು, ಮಕ್ಕಳಾಗಲು ಪಡೆದ ಚಿಕಿತ್ಸೆ ಇವನ್ನು ಮಾತ್ರ ಕೇಳಿಯೇ ತಿಳಿಯಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರಿಗೂ ಶುಶ್ರೂಷಕಿಯರಿಗೂ ಈ ಕ್ರಮ ನೆರವಾದೀತು.

ಮೊದಲು ಜೊತೆಗೆ ಬಂದವರನ್ನು ಹೊರಗೆ ಕೂರಿಸಬೇಕು. ಅತ್ತೆಯೋ ಗಂಡನೋ ಪಕ್ಕದಲ್ಲಿರುವಾಗ ಮದುವೆಗೆ ಮುಂಚಿನ ಗರ್ಭಪಾತದ ಬಗ್ಗೆ ಕೇಳಿ ‘ಇಲ್ಲ’ ಎಂದು ಬರೆದುಕೊಳ್ಳುವುದಕ್ಕಿಂತ ಕೇಳದಿರುವುದೇ ಮೇಲು. ‘ತಪಾಸಣೆ ಮಾಡಬೇಕು, ಸ್ವಲ್ಪ ಹೊರಗೆ ಕೂತಿರಿ ಅಮ್ಮ’ ಎಂದರೆ ಸಾಮಾನ್ಯವಾಗಿ ಯಾರೂ ಬೇಸರಪಡುವುದಿಲ್ಲ.

ಎರಡನೆಯದು ದಿನಾಂಕ. ‘ಮುಟ್ಟು ಯಾವಾಗ ನಿಂತಿತು?’ ಎಂದರೆ ಕೆಲವರು ತಪ್ಪಿದ ತಿಂಗಳನ್ನು ಹೇಳುತ್ತಾರೆ, ಕೆಲವರು ಸ್ರಾವ ನಿಂತ ದಿನವನ್ನು. ‘ಕೊನೆಯ ಸಲ ಹೊರಗಾದ ಮೊದಲ ದಿನ ಯಾವುದು?’ ಎಂದೇ ಕೇಳಬೇಕು. ತಾರೀಖು ನೆನಪಿಲ್ಲದಿದ್ದರೆ ಹಬ್ಬ, ಜಾತ್ರೆ, ಅಮಾವಾಸ್ಯೆಗಳನ್ನು ಹಿಡಿದು ಹುಡುಕಬಹುದು. 2025ರ ಯುಗಾದಿ ಮಾರ್ಚ್ 30ಕ್ಕೆ ಇತ್ತು. ಹಬ್ಬವಾಗಿ ನಾಲ್ಕನೇ ದಿನ ಎಂದರೆ ಏಪ್ರಿಲ್ 3. ಅದಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ 2026ರ ಜನವರಿ 10. ಈ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರದು. 35 ದಿನಕ್ಕೊಮ್ಮೆ ಆಗುವವರಿಗೆ ಇನ್ನೊಂದು ವಾರ ಸೇರಿಸಬೇಕು. ಬಸಿರು ತಡೆಯುವ ‘ಅಂತರಾ’ ಚುಚ್ಚುಮದ್ದು ನಿಲ್ಲಿಸಿದವರು ಅಥವಾ ಹಾಲೂಡಿಸುತ್ತಿದ್ದವರು ಮುಟ್ಟು ಮರಳುವ ಮೊದಲೇ ಬಸಿರಾಗಿರಬಹುದಾದ್ದರಿಂದ, ಅಂಥವರಿಗೆ 14 ವಾರದೊಳಗಿನ ಸ್ಕ್ಯಾನಿಂಗ್ ಹೇಳಿದ್ದನ್ನೇ ನಂಬಬೇಕು.

ಮೂರನೆಯದು ಹಿಂದಿನ ಬಸಿರುಗಳು. ‘ಎಷ್ಟು ಮಕ್ಕಳು?’ ಎಂಬ ಪ್ರಶ್ನೆಗೆ ಬದುಕಿರುವ ಮಕ್ಕಳ ಲೆಕ್ಕವಷ್ಟೇ ಸಿಗುತ್ತದೆ. ‘ಇದು ಎಷ್ಟನೇ ಬಸಿರು? ನಡುವೆ ಯಾವುದಾದರೂ ನಿಲ್ಲದೆ ಹೋಗಿತ್ತೇ? ಗರ್ಭಕೋಶ ಕ್ಲೀನ್ ಮಾಡಿಸಿದ್ದಿರಾ?’ ಎಂದು ಒಂದೊಂದಾಗಿ ಕೇಳಿ, ಪ್ರತಿಯೊಂದಕ್ಕೂ ಅದು ಯಾವ ವರ್ಷ, ಆಗ ಎಷ್ಟು ತಿಂಗಳು ತುಂಬಿತ್ತು ಎಂಬುದನ್ನು ಬರೆದುಕೊಳ್ಳಬೇಕು. ಹಿಂದೆ ಗರ್ಭಕೋಶದ ಬದಲು ಅಂಡನಾಳದಲ್ಲಿ ಬಸಿರು ನಿಂತಿದ್ದರೆ ಈ ಸಲ ಗರ್ಭ ಎಲ್ಲಿದೆ ಎಂದು ಬೇಗನೆ ಸ್ಕ್ಯಾನಿಂಗ್‌ನಲ್ಲಿ ನೋಡಬೇಕು. ಐದನೇ ತಿಂಗಳಲ್ಲಿ ಹೆಚ್ಚು ನೋವಿಲ್ಲದೆ ಬಸಿರು ಇಳಿದುಹೋಗಿದ್ದರೆ ಗರ್ಭಕಂಠದ (ಗರ್ಭಕೋಶದ ಬಾಯಿಯ) ದುರ್ಬಲತೆಯನ್ನು ಶಂಕಿಸಿ ಅದರ ಉದ್ದದ ಮೇಲೆ ಕಣ್ಣಿಡಬೇಕು. ರಕ್ತದ ಗುಂಪು ನೆಗೆಟಿವ್ ಆಗಿದ್ದವರಿಗೆ ಹಿಂದಿನ ಬಸಿರುಗಳ ಸಮಯದಲ್ಲಿ ಆಂಟಿ-ಡಿ (ಮುಂದಿನ ಮಗುವಿನ ರಕ್ತಕ್ಕೆ ಹಾನಿಯಾಗದಂತೆ ಕೊಡುವ) ಚುಚ್ಚುಮದ್ದು ಕೊಟ್ಟಿದ್ದರೇ ಎಂಬುದೂ ಮುಖ್ಯ.

ನಾಲ್ಕನೆಯದು ಅತಿ ನಾಜೂಕಿನದು. ‘ಬಂಜೆತನ’ ಎಂಬ ಪದವನ್ನು ಆಕೆಯ ಮುಂದೆ ಎತ್ತುವ ಅಗತ್ಯವೇ ಇಲ್ಲ. ‘ಈ ಬಸಿರಿಗಾಗಿ ಎಷ್ಟು ಕಾಲ ಕಾದಿರಿ? ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಿದ್ದಿರಾ?’ ಎಂದರೆ ಸಾಕು. ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಆಗಿದ್ದರೆ ಮುಟ್ಟಿನ ಲೆಕ್ಕ ಬಿಟ್ಟು, 5 ದಿನದ ಭ್ರೂಣವನ್ನು ಇಟ್ಟ ದಿನಕ್ಕೆ 261 ದಿನ, 3 ದಿನದ್ದಾದರೆ 263 ದಿನ ಕೂಡಿಸಬೇಕು. ಎಷ್ಟು ಭ್ರೂಣ ಇಟ್ಟರು, ಅಂಡಾಣು ಆಕೆಯದೇ, ದಾನಿಯದೇ ಎಂಬುದನ್ನೂ ಕೇಳಬೇಕು. ದಾನಿಯ ಅಂಡಾಣುವಿನ ಬಸಿರಿನಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಡೌನ್ ಸಿಂಡ್ರೋಮ್ ಪರೀಕ್ಷೆಯ ಲೆಕ್ಕಕ್ಕೂ ದಾನಿಯ ವಯಸ್ಸೇ ಬೇಕು. ಹಲವರು ಈ ಸಂಗತಿಯನ್ನು ತವರಿಗೂ ತಿಳಿಸಿರುವುದಿಲ್ಲ.

ಬಳಿಕ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆ. ಪಿಸಿಓಡಿ (ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವ ಸ್ಥಿತಿ) ಇದ್ದವರಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಗರ್ಭಕೋಶದ ಗಡ್ಡೆ ತೆಗೆಸಿದ್ದರೆ ಆ ಗಾಯದ ಗುರುತು ಹೆರಿಗೆಯ ನೋವಿನಲ್ಲಿ ಬಿಚ್ಚಿಕೊಳ್ಳುವ ಅಪಾಯವಿರುವುದರಿಂದ ಹಳೆಯ ಡಿಸ್ಚಾರ್ಜ್ ಚೀಟಿ ತರಿಸಿ ಓದಬೇಕು. ಕ್ಷಯಕ್ಕೆ ಮಾತ್ರೆ ನುಂಗಿದ್ದರೇ, ಕಾಪರ್-ಟಿ ಒಳಗೇ ಇದೆಯೇ ಎಂಬುದನ್ನೂ ಬಿಡಬಾರದು.

ಕೊನೆಯದಾಗಿ ಬರವಣಿಗೆ. ತಾಯಿ ಕಾರ್ಡ್ ಮನೆಯಲ್ಲಿ ಕೈಯಿಂದ ಕೈಗೆ ಹೋಗುವ ಕಾಗದ. ಹೆರಿಗೆ ಮಾಡಿಸುವವರಿಗೆ ಬೇಕಾದ ಸಂಗತಿ ಅದರಲ್ಲಿರಬೇಕು, ಆದರೆ ಗುಟ್ಟಿನದನ್ನು ಎಲ್ಲಿ, ಹೇಗೆ ಬರೆಯಲಿ ಎಂದು ಆಕೆಯನ್ನೇ ಕೇಳಬೇಕು. ಗರ್ಭಪಾತ ಮಾಡಿಸಿಕೊಂಡವರ ಹೆಸರು, ವಿವರಗಳ ಗೋಪ್ಯತೆಯನ್ನು 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾನೂನೇ ಕಾಯುತ್ತದೆ. ಬರೆದದ್ದನ್ನು ಓದಿ ಹೇಳಿ. ಎರಡನೇ ಭೇಟಿಯಲ್ಲಿ ‘ಹೋದ ಸಲ ಹೇಳದೆ ಉಳಿದದ್ದು ಏನಾದರೂ ಇದೆಯೇ?’ ಎಂದು ಇನ್ನೊಮ್ಮೆ ಕೇಳಿ.