ಬಾಸ್‌ಗೂ ಬಾಬಾಗೂ ಸೇರಿಸಿ ಒಂದೇ ಭಜನೆ ಬರೆಯೋದು ಹೇಗೆ

ಭಕ್ತಿ ಮಾತಲ್ಲೇ ನಮ್ಮ ಬಾಯಿ ಮುಚ್ಚಿಸೋ ಬಾಸನ್ನ ಭಜನೆ ಧಾಟಿಯಲ್ಲೇ ಅಣಕಿಸೋ ಹಾಡಿಗೆ ಮೊದ್ಲು ಬೇಕಾಗಿರೋದು ಟ್ಯೂನು. ಹೊಸದು ಕಟ್ಟೋಕೆ ಹೋಗ್ಲೇಬೇಡಿ, ಎಲ್ರಿಗೂ ಬಾಯಿಪಾಠ ಇರೋ ಭಜನೆ ಟ್ಯೂನೇ ಎತ್ಕೊಳ್ಳಿ. ಬೆಳಗ್ಗೆ ಮುಂಬೈಗೆ ಡೊಂಬಿವಲಿ ಕಡೆಯಿಂದ ಬರೋ ಲೋಕಲ್ ಟ್ರೇನಲ್ಲಿ ತಾಳ ಹಿಡ್ಕೊಂಡು ಹಾಡೋ ಗ್ಯಾಂಗ್ ನೋಡಿರ್ತೀರಲ್ಲ, ಒಬ್ಬ ಎತ್ಕೊಟ್ರೆ ಸಾಕು, ಬಾಗಿಲಲ್ಲಿ ನೇತಾಡ್ತಿರೋನೂ ದನಿ ಸೇರಿಸ್ತಾನೆ, ನಮಗೆ ಬೇಕಾಗಿರೋದು ಅದೇ.

ಇದು ಹಳೇ ಟ್ರಿಕ್ಕು. ಅಮೆರಿಕದಲ್ಲಿ ಐಡಬ್ಲ್ಯೂಡಬ್ಲ್ಯೂ ಅನ್ನೋ ಕಾರ್ಮಿಕ ಸಂಘದವ್ರು ಬೀದೀಲಿ ಭಾಷಣ ಶುರು ಮಾಡಿದ್ರೆ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಧರ್ಮಪ್ರಚಾರಕರ ಬ್ಯಾಂಡು ಪಕ್ಕದಲ್ಲೇ ಊದಿ ಬಾರಿಸಿ ಮಾತು ಕೇಳದಂಗೆ ಮಾಡ್ತಿತ್ತು, ಇವ್ರು ಅದೇ ಟ್ಯೂನಿಗೆ ತಮ್ಮ ಸಾಲು ಕೂರಿಸಿದ್ರು, ಬ್ಯಾಂಡು ಬಿಟ್ಟಿ ಸಿಕ್ತು! ಆ ಸಂಘದ ಹಾಡುಗಾರ ಜೋ ಹಿಲ್ 1911ರಲ್ಲಿ ಹಿಂಗೆ ಬರೆದ ಹಾಡಲ್ಲಿ ಹಸಿದವ್ನಿಗೆ ಪಾದ್ರಿ ಹೇಳೋದಿಷ್ಟೇ, ಈಗ ದುಡಿ, ಪ್ರಾರ್ಥನೆ ಮಾಡು, ಹುಲ್ಲು ತಿಂದ್ಕೊಂಡಿರು, ಸತ್ಮೇಲೆ ಆಕಾಶದಲ್ಲಿ ಪೈ (ಹೂರಣ ತುಂಬಿ ಬೇಯಿಸೋ ತಿಂಡಿ) ತಿನ್ನುವಿಯಂತೆ.

ಆ ಪೈ ನೋಡಿ, ತಿನ್ನೋ ವಸ್ತು. ಶೋಷಣೆ, ವ್ಯವಸ್ಥೆ ಅಂತೆಲ್ಲ ತುರುಕಿದ್ರೆ ಹಾಡು ಕರಪತ್ರ ಆಗತ್ತೆ. ನಮ್ಮೂರಿಗೆ ಹೊಂದೋ ಹಂಗೆ ನಾನಾದ್ರೆ ಹಿಂಗೆ ಬರೀತೀನಿ:

ಈ ವರ್ಷ ತಾಳ್ಮೆ ಇರಲಿ, ಮುಂದಿನ್ ಜನ್ಮಕೆ ಬೋನಸ್ಸು
ಸತ್ತ್ಮೇಲೆ ಸಿಗತ್ತೆ ಭಕ್ತಾ ಫಸ್ಟ್ ಕ್ಲಾಸು ಪಾಸು

ಕುಚೋದ್ಯದ ಪದ ಸಾಲಿನ ಕೊನೇಲೇ ಬರ್ಬೇಕು. ಭಜನೇಲಿ ಮುಂದಿನವ್ನು ಹೇಳಿದ್ದನ್ನ ಹಿಂದಿನವ್ರು ರಿಪೀಟ್ ಮಾಡ್ತಾರಲ್ವಾ, 'ಬೋನಸ್ಸು' ಅಂತ ಇಪ್ಪತ್ತು ಜನ ಕಣ್ಮುಚ್ಚಿ ಭಕ್ತಿಯಿಂದ ಎಳೆದಾಗ್ಲೇ ಮಜಾ. ಬರೆದ್ಮೇಲೆ ತೊಡೆ ತಟ್ಕೊಂಡು ಹಾಡಿ ನೋಡಿ, ತಾಳ ತಪ್ಪಿದ್ರೆ ಜೋಕು ಬಿಟ್ಟಾಕಿ, ತಾಳ ಬಿಡ್ಬೇಡಿ.

ಇನ್ನು ಗುರಿ ಯಾರು ಅನ್ನೋದು. ದೇವ್ರನ್ನ, ಪಕ್ಕದ ಸೀಟಿನ ಭಕ್ತನ್ನ ಎಳೀಬೇಡಿ, ಅವ್ನೂ ನಿಮ್ ಥರಾನೇ ಓವರ್‌ಟೈಮ್ ಮಾಡೋನು. ಸತ್ಯನಾರಾಯಣ ಪೂಜೆಗೆ ಅಂತ ವರ್ಗಣಿ ಎತ್ತಿ, ಪ್ರಸಾದ ಕೊಟ್ಟು, ಇನ್‌ಕ್ರಿಮೆಂಟ್ ಕೇಳಿದ್ರೆ 'ಫಲಾಪೇಕ್ಷೆ ಬೇಡ' ಅಂತಾನಲ್ಲ ಬಾಸು, ಅವ್ನನ್ನ ಹಿಡೀರಿ. 'ಕಾಯಕವೇ ಕೈಲಾಸ' ಅಂತ ಗೋಡೆಗೆ ಫ್ರೇಮ್ ಹಾಕ್ಸಿರ್ತಾರೆ, ಆದ್ರೆ ಆಯ್ದಕ್ಕಿ ಮಾರಯ್ಯನ ವಚನ ಪೂರ್ತಿ ಓದಿದ್ರೆ ಕಾಯಕದಲ್ಲಿರುವಾಗ ಗುರು ಬಂದ್ರೂ ಮರೀಬೇಕು ಅಂತಿದೆ, ಅಂದ್ಮೇಲೆ ಮ್ಯಾನೇಜರ್ ಯಾವ ಲೆಕ್ಕ! ಇದನ್ನೇ ಒಂದು ಚರಣ ಮಾಡ್ಕೊಳ್ಳಿ.

ಶುರು ಮಾಡೋದು ಗೊತ್ತಾಗ್ದಿದ್ರೆ ಮರಾಠಿ ಜನಕವಿ ಅಣ್ಣಾಭಾವು ಸಾಠೆ ದಾರಿ ಇದೆ. 1944ರಲ್ಲಿ ಹಾಡುಗಾರ ಅಮರ್ ಶೇಖ್ ಜೊತೆ ಲಾಲ್ ಬಾವಟಾ (ಕೆಂಬಾವುಟ) ಕಲಾಪಥಕ ಅನ್ನೋ ತಂಡ ಕಟ್ಟಿ ಮುಂಬೈ ಕಾರ್ಮಿಕರ ಮುಂದೆ ಹಾಡಿದವ್ರು, ತಮಾಷಾ ಅನ್ನೋ ಮರಾಠಿ ಜನಪದ ನಾಟಕದ ಶುರುವಿನ ಗಣೇಶ ವಂದನೆ ಜಾಗಕ್ಕೆ ತಾಯ್ನೆಲದ ವಂದನೆ ತಂದ್ರು. ನೀವು ಮೊದಲ ನಮಸ್ಕಾರ ಹೋಟ್ಲಲ್ಲಿ ಟೇಬಲ್ ಒರೆಸೋ ಹುಡುಗನಿಗೆ ಹಾಕಿ, ಮುಂಬೈ ಕನ್ನಡಿಗರ ಅರ್ಧ ಚರಿತ್ರೆ ಅಲ್ಲೇ ಇದೆ.

ಆಫೀಸ್ ಪೂಜೇಲೇ ಹಾಡೋ ಧೈರ್ಯ ಇದ್ರೆ ಒರಿಜಿನಲ್ ಸಾಹಿತ್ಯಾನೂ ನೆನಪಿಟ್ಕೊಳ್ಳಿ. ಎಚ್‌ಆರ್‌ನವ್ರು ಒಳಗೆ ಬಂದ ತಕ್ಷಣ ಅದಕ್ಕೆ ಜಿಗೀಬೇಕು, ತಾಳ ಮಾತ್ರ ನಿಲ್ಲಬಾರ್ದು.